ಮೂರು ಕಲ್ಲಿನ ಒಲೆ

ಮೊನ್ನೆ ನಮ್ಮ ಹಿತ್ತಲ ಗೋಡೆ ಕೆಡವಿಸಿದೆವು. ಮೊಮ್ಮಗ ಇನ್ನೊಂದು ಮಗ್ಗ ಹೂಡಬೇಕಂತೆ, ಜಾಗ ಸಾಲದಂತೆ. ಹಳೆಯ ಮಣ್ಣಿನ ಗೋಡೆ, ನಾಲ್ಕು ಗುದ್ದಲಿ ಏಟಿಗೆ ಉಸ್ಸೆಂದು ಕೂತುಬಿಟ್ಟಿತು. ಅದರಾಚೆಯ ಪಾಳುಮಠದ ಮೂಲೆಯಲ್ಲಿ ಮಸಿ ಹಿಡಿದ ಮೂರು ಕಲ್ಲು ಸಿಕ್ಕವು. ಗಾರೆಯವನು ಒಂದನ್ನು ಕಾಲಲ್ಲಿ ಹೊರಳಿಸಿ, "ಇವನ್ನ ತಿಪ್ಪೆಗೆ ಹಾಕ್ಲೇನವ್ವಾ?" ಎಂದ. "ಕಾಲು ತೆಗಿಯೋ! ಮುಟ್ಟಬ್ಯಾಡ ಅವನ್ನ!" ಎಂದು ಕೂಗಿದೆ. ನನ್ನ ದನಿ ಕೇಳಿ ಸೊಸೆ ಕೈಯ ಹಿಟ್ಟನ್ನೂ ತೊಳೆಯದೆ ಹೊರಗೆ ಓಡಿಬಂದಳು. ಕಲ್ಲಿಗೆ ಇಷ್ಟು ರಂಪ ಯಾಕೆ ಎಂದು ಅವಳಿಗೆ ಹೇಳಹೊರಟೆ, ಅಳು ಬಂತು. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಬರೆಯುವುದನ್ನು ಕಲಿಸಿದವರೂ ಆ ಕಲ್ಲುಗಳ ಒಡೆಯರೇ.

ಅವರ ಹೆಸರು ಹೇಳುವುದಿಲ್ಲ. ಹೇಳಿದರೂ ಮೊಳಕಾಲ್ಮೂರಿನಲ್ಲಿ ಯಾರಿಗೂ ಗುರುತು ಸಿಕ್ಕದು. ತೆಲುಗು ಮನೆಮಾತಿನ ನಮ್ಮ ನೇಕಾರರ ಬೀದಿಗೆ ಅವರು ಬರೀ ಅಯ್ಯವಾರು, ಅಂದರೆ ಮೇಷ್ಟರು. ಮಠವೆಂದರೂ ಸ್ವಾಮಿಗಳ ಮಠವಲ್ಲ, ಕೂಲಿಮಠ. ಸರ್ಕಾರದ ಶಾಲೆ ಎಲ್ಲ ಕಡೆಗೂ ಬಂದಿರದ ಆ ಕಾಲದಲ್ಲಿ ಬೀದಿಯವರೇ ಒಬ್ಬ ಮೇಷ್ಟರನ್ನು ಗೊತ್ತುಮಾಡಿ, ಕಾಳುಕಡ್ಡಿ ಕೊಟ್ಟು ಮಕ್ಕಳಿಗೆ ಅಕ್ಷರ ಹೇಳಿಸುತ್ತಿದ್ದರು. ಗೊತ್ತುಮಾಡುವುದು ಒಂದು ವರ್ಷಕ್ಕೆ ಮಾತ್ರ. ವಿಜಯದಶಮಿಯ ದಿನ ಬೀದಿಯ ಯಜಮಾನ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು "ಬರೋ ದಸರಾವರೆಗೆ ಮಠ ನಿಮ್ಮದು" ಎನ್ನಬೇಕು. ಮೇಷ್ಟರು ತಟ್ಟೆ ತೆಗೆದುಕೊಂಡರೆ ಮುಗಿಯಿತು. ಕಾಗದವಿಲ್ಲ, ರುಜುವಿಲ್ಲ.

ಎಲೆ ತೆಗೆದುಕೊಂಡವರು ನಡು ವರ್ಷದಲ್ಲಿ ಬಿಟ್ಟುಹೋಗುವ ಹಾಗಿರಲಿಲ್ಲ. ಬೀದಿಯವರೇ "ಹೋಗಿ" ಎಂದರೆ ಅದಕ್ಕೆ ಎಲೆ ತಿರುಗಿಸುವುದು ಎನ್ನುತ್ತಿದ್ದರು. ಮೇಷ್ಟರಾದವರಿಗೆ ಅದಕ್ಕಿಂತ ದೊಡ್ಡ ಅವಮಾನವಿರಲಿಲ್ಲ. ಇವರಿಗೂ ಮುಂಚೆ ಇದ್ದ ಒಬ್ಬರು ಕುಡಿದು ಬಂದು ಹುಡುಗನೊಬ್ಬನ ಕೈ ಮುರಿದಿದ್ದರಂತೆ. ಎಲೆ ತಿರುಗಿಸಿದ ಮೇಲೆ ಸುತ್ತಿನ ಯಾವ ಊರೂ ಅವರನ್ನು ಇಟ್ಟುಕೊಳ್ಳಲಿಲ್ಲವಂತೆ. ಎಲೆ ಕೊಡುವ, ತಿರುಗಿಸುವ ಯಜಮಾನಿಕೆ ನಮ್ಮ ಮಾವನವರದು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅಯ್ಯವಾರು ಆಗಲೇ ಹಲವು ದಸರಾ ಕಂಡಿದ್ದರು.

ನಾನು ಚಳ್ಳಕೆರೆಯವಳು. ಬಂದ ಹೊಸದರಲ್ಲಿ ಅತ್ತೆ ನನ್ನನ್ನು ಹಿತ್ತಲ ಗೋಡೆಗೆ ಒರಗಿಸಿ ರಾಟೆ ಮುಂದೆ ಕೂರಿಸಿದರು. ಲಾಳಿಗೆ ಹಾಕುವ ರೇಷ್ಮೆಯನ್ನು ಸಣ್ಣ ಸಣ್ಣ ಕಂಡಿಕೆಗಳಿಗೆ ಸುತ್ತುವ ಕೆಲಸ. ಕೈ ತಪ್ಪಿದರೆ ನೂಲು ಸಿಕ್ಕಾಗುತ್ತಿತ್ತು, ಅತ್ತೆಯ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಗೋಡೆಯಾಚೆ ಮಠ. ಹುಡುಗರು ಕಾಗುಣಿತ ಒದರುವುದು ನನ್ನ ಬೆನ್ನಿಗೆ ಕೇಳುತ್ತಿತ್ತು. ಒಂದು ದಿನ ನನಗೇ ತಿಳಿಯದ ಹಾಗೆ ನಾನೂ ಜತೆಗೆ ಹೇಳಿಬಿಟ್ಟೆ. ಆಚೆ ಗದ್ದಲ ನಿಂತಿತು. ಆಮೇಲೆ ಅಯ್ಯವಾರ ದನಿ: "ಜೋರಾಗಿ ಹೇಳ್ರೋ, ಗೋಡೆ ಆಚೆ ಇರೋರಿಗೂ ಪಾಠ ಆಗ್ಲಿ." ಆವತ್ತಿನಿಂದ ಅವರು ಪ್ರತಿ ಅಕ್ಷರದ ಆಕಾರವನ್ನೂ ಬಾಯಲ್ಲಿ ವರ್ಣಿಸತೊಡಗಿದರು. "ಕ ಬರಿಯೋದು ಹೆಂಗೆ? ತಲೆ ಮ್ಯಾಲೆ ಒಂದು ಗೆರೆ, ಹೊಟ್ಟೆ ಒಳಗೊಂದು ಅಡ್ಡಗೆರೆ." ಎದುರಿಗೆ ಮರಳಲ್ಲಿ ತಿದ್ದುತ್ತಿದ್ದ ಹುಡುಗರಿಗೆ ಆ ವರ್ಣನೆ ಬೇಕಿರಲಿಲ್ಲ. ಅದು ಯಾರಿಗೆಂದು ಅತ್ತೆಗೂ ಗೊತ್ತಿತ್ತು, ಆದರೂ ಸುಮ್ಮನಿದ್ದರು. ಅದೊಂದು ಪುಣ್ಯ ಅವರದು.

ನೋಡಲಿಕ್ಕೆ ಅಯ್ಯವಾರು ಏನೂ ಅಲ್ಲ. ಸಣಕಲು ದೇಹ, ಉದ್ದ ಕತ್ತು, ಮರಳು ತಿದ್ದಿ ತಿದ್ದಿ ಸವೆದ ತೋರುಬೆರಳು. ಆ ಬೆರಳನ್ನು ಮಾತು ಮಾತಿಗೂ ಹೆಗಲ ಮೇಲಿನ ವಸ್ತ್ರಕ್ಕೆ ಒರೆಸಿಕೊಳ್ಳುತ್ತಿದ್ದರು, ಮರಳಿಲ್ಲದಾಗಲೂ. ಆಗಿನ ಕೂಲಿಮಠಗಳಲ್ಲಿ ಕೋದಂಡ ಎಂಬ ಶಿಕ್ಷೆಯಿತ್ತು. ತೊಲೆಗೆ ಕಟ್ಟಿದ ಹಗ್ಗ ಹಿಡಿಸಿ ಹುಡುಗನನ್ನು ಜೋತಾಡಿಸುವುದು. ನಮ್ಮ ಮಠದಲ್ಲೂ ಹಳೆಯ ಮೇಷ್ಟರ ಹಗ್ಗ ತೊಲೆಯಲ್ಲಿತ್ತು. ಅಯ್ಯವಾರು ಅದರ ಮೇಲೆ ತಮ್ಮ ಒದ್ದೆ ಪಂಚೆ ಹರವುತ್ತಿದ್ದರು. "ಲೇ, ಇವತ್ತು ನನ್ನ ಪಂಚೆ ತಪ್ಪು ಮಾಡೈತೆ, ಕೋದಂಡಕ್ಕೆ ಹಾಕೀನಿ" ಎನ್ನುವರು. ಹುಡುಗರು ಬಿದ್ದು ಬಿದ್ದು ನಗುವರು.

ನೇಕಾರರ ಮಕ್ಕಳಿಗೆ ಹಗಲೆಲ್ಲ ಮಗ್ಗದ ಹತ್ತಿರ ಕೆಲಸ. ಅದಕ್ಕೇ ಮಠ ನಡೆಯುತ್ತಿದ್ದದ್ದು ಬೆಳಗಿನ ಜಾವ ಒಂದು ಹೊತ್ತು, ರಾತ್ರಿ ಊಟವಾದ ಮೇಲೆ ಇನ್ನೊಂದು ಹೊತ್ತು. ಮಗ್ಗದ ಕೆಲಸ ಹೆಚ್ಚಿದ್ದ ದಿನ ಅಯ್ಯವಾರೇ ಮಗ್ಗದ ಗುಣಿಯ ಪಕ್ಕ ಬಂದು ಕೂತು ಮಗ್ಗಿ ಹೇಳಿಸುತ್ತಿದ್ದರು. ಕನ್ನಡ ಬಾರದ ಪುಟ್ಟ ಮಕ್ಕಳಿಗೆ ತೆಲುಗಿನ ಮೂಲಕ ಅವರ ಮೊದಲನೆಯ ಪಾಠ, "ಇಲ್ಲು ಅಂದ್ರೆ ಮನೆ." ಬೀದಿಯೆಲ್ಲ ಅದನ್ನೇ ಹಾಡುತ್ತಿತ್ತು. ನಮ್ಮ ಅತ್ತೆ ಹಾಸ್ಯ ಮಾಡುತ್ತಿದ್ದರು: "ಮನೇನೇ ಇಲ್ಲದ ಮನುಷ್ಯ ಮನೆ ಪಾಠ ಮಾಡ್ತಾರೆ, ನೋಡೇ." ಅದು ಅವರ ಕಿವಿಗೂ ಬಿದ್ದಿತ್ತು. "ನಿಜ ಕಣಮ್ಮಾ. ನಾನು ದಸರಾ ಗೊಂಬೆ. ವರ್ಷಕ್ಕೊಂದ್ಸಲ ತೆಗೀತಾರೆ, ಆರತಿ ಎತ್ತುತಾರೆ, ತಿರುಗಿ ಪೆಟ್ಟಿಗೆಗೆ ಹಾಕ್ತಾರೆ" ಎಂದು ನಕ್ಕಿದ್ದರು.

ಮನೆಯಿಲ್ಲದಿದ್ದದ್ದು ನಿಜ. ಮಠದ ಜಗಲಿಯ ಮೇಲೆ ಮಲಗುವುದು, ಮೂಲೆಯಲ್ಲಿ ಸಿಕ್ಕ ಮೂರು ಕಲ್ಲು ಹೂಡಿ ಬೇಯಿಸಿಕೊಳ್ಳುವುದು. ದಾರಿಹೋಕರು ಮಾಡುವ ಹಾಗೆ. ಮಣ್ಣಿನ ಒಲೆ ಹಾಕಿಕೊಡುತ್ತೇವೆಂದು ಬೀದಿಯ ಹೆಂಗಸರು ಎಷ್ಟು ಸಲ ಹೇಳಿದರೂ ಅವರದು ಒಂದೇ ಉತ್ತರ. "ಒಲೆ ಹಾಕೋಳು ಬೇರೆ ಐದಾಳೆ. ಆಕಿ ಬಂದು ಹಾಕ್ಲಿ."

ಆ 'ಆಕಿ'ಯನ್ನು, ಅಂದರೆ ಅವರ ಹೆಂಡತಿಯನ್ನು, ನಮ್ಮ ಬೀದಿಯವರಲ್ಲಿ ಕಂಡಿದ್ದವಳು ನಾನೊಬ್ಬಳೇ. ಚಳ್ಳಕೆರೆಯಲ್ಲಿ ನನ್ನ ತವರುಮನೆಯಿಂದ ಮೂರು ಬಾಗಿಲು ಆಚೆ, ಅಣ್ಣನ ಮನೆಯಲ್ಲಿದ್ದಳು. ನಾನು ಅಕ್ಕಾ ಎನ್ನುತ್ತಿದ್ದೆ. ಕಪ್ಪಗೆ, ಎತ್ತರಕ್ಕೆ, ನಕ್ಕರೆ ಬೀದಿ ಕೊನೆಗೆ ಕೇಳಬೇಕು, ಹಾಗೆ. ಕೆರೆಯಂಗಳದ ಮಣ್ಣು ತಂದು, ಹೊಟ್ಟು ಸಗಣಿ ಕಲಸಿ, ಕಾಲಲ್ಲಿ ತುಳಿದು ಅವಳು ಹಾಕಿದ ಒಲೆ ಬಿರುಕು ಬಿಟ್ಟದ್ದಿಲ್ಲ, ಹೊಗೆ ಸುತ್ತಿದ್ದಿಲ್ಲ. ತವರಿನ ಬೀದಿಯಲ್ಲಿ ಯಾರ ಮನೆಗೆ ಹೊಸ ಸೊಸೆ ಬಂದರೂ ಅಕ್ಕನಿಗೆ ಕರೆ ಹೋಗುತ್ತಿತ್ತು. ನಮ್ಮವ್ವನ ಒಲೆಯೂ ಅವಳ ಕೈಯದೇ. ಊರಿಗೆಲ್ಲ ಒಲೆ ಹಾಕಿದವಳಿಗೆ ತನ್ನದೊಂದು ಒಲೆ ಇರಲಿಲ್ಲ.

ಗಂಡ ಹೆಂಡತಿಗೆ ಜಗಳವಿತ್ತೆಂದು ತಿಳಿಯಬೇಡಿ. ಅಯ್ಯವಾರ ತಂದೆಯೂ ಇಂಥದೇ ಮಠದ ಮೇಷ್ಟರು. ಊರೂರು ಅಲೆಯುವ ಸಂಸಾರ. ಒಂದು ಊರಿನ ವರ್ಷ ಮುಗಿದು ಇನ್ನೊಂದು ಊರಿನ ಎಲೆ ಸಿಕ್ಕುವ ಮುಂಚೆ, ದಾರಿಯ ಗುಡಿಯೊಂದರ ಜಗಲಿಯ ಮೇಲೆ ಅವರ ತಾಯಿ ಸತ್ತರು. "ನನ್ನ ಹೆಂಡ್ತೀನ ಜಗಲಿಯಿಂದ ಜಗಲಿಗೆ ತಿರುಗಿಸಲ್ಲ. ಒಲೆ ಹಾಕೋ ಜಾಗ ಸಿಕ್ಕಿದ ದಿನ ಕರ್ಕೊಂಡು ಹೋಗ್ತೀನಿ" ಎಂದು ಅವರು ಅಂದೇ ನಿಶ್ಚಯ ಮಾಡಿದ್ದರು. ಅಕ್ಕನ ಅಣ್ಣನದೂ ಅದೇ ಹಟ. "ವರ್ಷದ ಎಲೆ ನಂಬ್ಕೊಂಡು ಹೆಣ್ಣು ಕಳಿಸ್ಲಾ?" ಎನ್ನುತ್ತಿದ್ದ. "ನಾನೇನು ಮಹಡಿ ಮನೆ ಕೇಳಿದ್ನೇನೇ? ಜಗಲಿಯಾದ್ರೂ ಹೋಗ್ತಿದ್ದೆ. ಇವರಿಬ್ರೂ ಸೇರಿ ನನ್ನ ಮರ್ಯಾದೆ ಕಾಯ್ತಾ ಕೂತವ್ರೆ" ಎಂದು ಅಕ್ಕ ನನ್ನ ಹತ್ತಿರ ಗೊಣಗುವಳು. ಗಂಡ ವರ್ಷಕ್ಕೆ ಒಂದೆರಡು ಸಲ ಬಂದುಹೋದರೆ ಅದೇ ಹಬ್ಬ.

ನನ್ನ ಮದುವೆ ಮೊಳಕಾಲ್ಮೂರಿಗೆ ಗೊತ್ತಾದ ದಿನ ಅಕ್ಕ ಓಡೋಡಿ ಬಂದಳು. ಗಂಡು ಹೇಗೆ, ಅತ್ತೆ ಹೇಗೆ ಎಂದು ಒಂದೂ ಕೇಳಲಿಲ್ಲ. "ಅಲ್ಲಿ ಮಣ್ಣು ಹೆಂಗೈತಂತೆ? ಒಲೆಗೆ ಬರ್ತೈತಾ?" ಎಂದಳು. ಮೊದಲನೆಯ ಸಲ ತವರಿಗೆ ಹೋದಾಗ ಸೆರಗಿನ ತುದಿಯಲ್ಲಿ ಒಂದು ಹಿಡಿ ಮೊಳಕಾಲ್ಮೂರಿನ ಮಣ್ಣು ಕಟ್ಟಿಕೊಂಡು ಹೋಗಿ ಕೊಟ್ಟೆ. ಅಂಗೈಯಲ್ಲಿ ನೀರು ಚಿಮುಕಿಸಿ ನಾದಿದಳು, ಹಿಸುಕಿದಳು, ಮೂಸಿದಳು. "ಮರಳು ಜಾಸ್ತಿ. ಹೊಟ್ಟು ಕೈ ತುಂಬ ಹಾಕ್ಬೇಕು. ಆಗ್ತೈತೆ ಬಿಡು" ಎಂದು ಆ ಉಂಡೆಯನ್ನು ಗೂಡಿನಲ್ಲಿಟ್ಟಳು.

ನಾನು ಮರಳಿ ಬಂದಾಗಲೆಲ್ಲ ಅಯ್ಯವಾರು ಗೋಡೆಯ ಆಚೆಯಿಂದ ಕೇಳುತ್ತಿದ್ದರು. "ತಂಗೀ, ನಿಮ್ಮಕ್ಕ ಹೆಂಗೈದಾಳೆ?"

ಒಂದು ದಸರಾ ಕಳೆಯಿತು. ಅಯ್ಯವಾರು ಎಂದಿನಂತೆ ಹುಡುಗರ ಕೈಗೆ ಬಣ್ಣದ ಬಿಲ್ಲು ಕೊಟ್ಟು, ಮಹಾನವಮಿಯ ಚೌಪದ ಹಾಡಿಸಿಕೊಂಡು ಮನೆಮನೆಗೆ ಕರೆದುಕೊಂಡು ಹೋಗಿ, ದಶಮಿಯ ದಿನ ಎಲೆ ತೆಗೆದುಕೊಂಡರು. ಆಮೇಲೆ ದೀಪಾವಳಿಗೆ ಮುಂಚೆ ಅಕ್ಕನ ಅಣ್ಣ ಚಳ್ಳಕೆರೆಯಿಂದ ಗಾಡಿ ಮಾಡಿಕೊಂಡು ಬಂದ. ತಾಲ್ಲೂಕು ಕಚೇರಿಯಲ್ಲಿ ದಫೇದಾರ, ಮೀಸೆಯ ಮನುಷ್ಯ. ಆವತ್ತು ಮೀಸೆಯಡಿಯಲ್ಲಿ ನಗು ತಡೆಯುತ್ತಿರಲಿಲ್ಲ. ಚಳ್ಳಕೆರೆಯ ಸರ್ಕಾರಿ ಶಾಲೆಯಲ್ಲಿ ಒಂದು ಜಾಗ ತೆರವಾಗಿದೆ, ಸಾಹೇಬರ ಹತ್ತಿರ ಮಾತಾಡಿದ್ದೇನೆ, ಒಪ್ಪಿದ್ದಾರೆ. ದೀಪಾವಳಿ ಮುಗಿದ ಸೋಮವಾರ ಬಂದು ಹಾಜರಾಗಬೇಕು. "ಖಾಯಂ ಭಾವ, ಖಾಯಂ! ಸಾಯೋತನಕ ತೆಗೆಯೋ ಹಂಗಿಲ್ಲ. ಕುಳಿತು ತಿನ್ನೋ ಕಾಲಕ್ಕೆ ಪಿಂಚಣಿ" ಎಂದು ಅವನು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಅಯ್ಯವಾರು ಬೆರಳನ್ನು ವಸ್ತ್ರಕ್ಕೆ ಒರೆಸಿಕೊಂಡರು. "ಆಕಿಗೆ ಹೇಳಿದ್ಯಾ?" ಎಂದಷ್ಟೇ ಕೇಳಿದರು. ಹೇಳಿದ್ದ. ಅಕ್ಕ ಆಗಲೇ ಕೆರೆಯಂಗಳಕ್ಕೆ ಪುಟ್ಟಿ ತೆಗೆದುಕೊಂಡು ಹೋಗಿದ್ದಳಂತೆ.

ಆ ಸಂಜೆ ಅಯ್ಯವಾರು ನಮ್ಮ ಮನೆಗೆ ಬಂದು ಮಾವನವರ ಎದುರು ನಿಂತರು. ನಾನು ಬಾಗಿಲ ಮರೆಯಲ್ಲಿದ್ದೆ.

"ಯಜಮಾನ್ರೇ, ಚಳ್ಳಕೆರೆಯಿಂದ ಹಿಂಗೆ ಕರೆ ಬಂದೈತೆ" ಎಂದರು.

"ಕೇಳಿದೆ ಅಯ್ಯವಾರೂ. ಬಾಳ ಒಳ್ಳೇದು" ಎಂದರು ಮಾವ.

ಅಷ್ಟೇ. ಅಯ್ಯವಾರು ಕೈಮುಗಿದು ಹೊರಟುಹೋದರು.

ಅವರು ಹೋದ ಮೇಲೆ ಅತ್ತೆ, "ಹೋಗ್ರಿ ಅಂತ ಒಂದು ಮಾತು ಅನ್ನಬಾರದಾಗಿತ್ತಾ?" ಎಂದರು. ಮಾವ ಉರಿದುಬಿದ್ದರು. "ಹೆಂಗನ್ಲಿ? ಎಲೆ ಕೊಟ್ಟು ತಿಂಗಳಾಗಿಲ್ಲ, ಹೋಗ್ರಿ ಅಂದ್ರೆ ಎಲೆ ತಿರುಗಿಸ್ದಂಗೆ ಅಲ್ವಾ? ದೇವರಂಥಾ ಮನುಷ್ಯ. ಮೊಳಕಾಲ್ಮೂರೋರು ಓಡಿಸಿದ್ರು ಅನ್ನೋ ಮಾತು ಅವರ ಬೆನ್ನಿಗೆ ಹತ್ತಬೇಕಾ? ಅವರೇ ಬಿಡ್ತೀನಿ ಅನ್ಲಿ. ನಾನೇ ಎತ್ತು ಕಟ್ಟಿ ಕಳಿಸ್ತೀನಿ." ಮಾವ ಹೇಳಿದ್ದು ಮಾತಿಗಲ್ಲ. ಮಾರನೆಯ ದಿನವೇ ಗಾಡಿಯ ಕೀಲಿಗೆ ಎಣ್ಣೆ ಹಾಕಿಸಿದರು, ಕುಳಿತುಕೊಳ್ಳಲು ಹೊಸ ಹುಲ್ಲು ಹಾಸಿಸಿದರು.

ನನಗೆ ತಡೆಯಲಿಲ್ಲ. ನೀರಿಗೆ ಹೋಗುವ ನೆಪದಲ್ಲಿ ಮಠದ ಮುಂದೆ ನಿಂತು, "ಅಯ್ಯವಾರೇ, ಬಿಡ್ತೀನಿ ಅಂತ ನೀವೇ ಹೇಳ್ರಿ. ಮಾವ ಗಾಡಿ ಕಟ್ಟಿಸ್ತಾರಂತೆ" ಎಂದೆ.

ಅವರು ನಕ್ಕರು. "ಎಲೆ ತಗೊಂಡ ಬಾಯಲ್ಲೇ ಬಿಡ್ತೀನಿ ಅಂತ ಹೆಂಗನ್ಲಿ ತಂಗೀ? ವರ್ಷದ ಕಾಳು ಎತ್ತಿಟ್ಟವ್ರೆ ನನಗೋಸ್ಕರ. ನಡು ವರ್ಷದಾಗೆ ಈ ಹುಡುಗ್ರಿಗೆ ಯಾರು ಸಿಗ್ತಾರೆ? ಯಜಮಾನ್ರು ಹೋಗ್ರಿ ಅಂದ್ರೆ ಈ ಕ್ಷಣ ಹೋಗ್ತೀನಿ."

"ಅವರ ಮನಸಿನಾಗೆ ಅದೇ ಐತ್ರೀ."

"ಸೊಸೆ ತಂದ ಮಾತು ಊರ ಮಾತಾಗ್ತೈತಾ? ಅವರು ಬಾಯಿಬಿಟ್ಟು ಅನ್ಲಿ."

ನಮ್ಮವರಿಗೆ ಹೇಳಿದೆ. "ದೊಡ್ಡೋರ ವಿಷಯ, ನಿಂಗ್ಯಾಕೆ?" ಎಂದರು. ಅತ್ತೆಗೆ ಮತ್ತೆ ಹೇಳಿದೆ. "ಊರಕೋವೇ" ಎಂದು ಗದರಿದರು, ಸುಮ್ಮನಿರೇ ಎಂದು. ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತೆ. ಅವಳೂ ದೊಡ್ಡವರ ವಿಷಯವೆಂದು ಸುಮ್ಮನಾದಳೋ ಏನೋ.

ದೀಪಾವಳಿ ಮುಗಿದ ಭಾನುವಾರ ನಮ್ಮ ಬಾಗಿಲಲ್ಲಿ ಗಾಡಿ ಸಿದ್ಧವಾಗಿ ನಿಂತಿತ್ತು. ಎತ್ತುಗಳ ಕೊಂಬಿಗೆ ಗೊಂಡೆ ಕೂಡ ಕಟ್ಟಿತ್ತು. ಮಾವ ಜಗಲಿಯ ಮೇಲೆ ಕೂತು, ಅಯ್ಯವಾರು ಈಗ ಬಂದಾರು, ಆಗ ಬಂದಾರು ಎಂದು ಮಠದ ಕಡೆ ನೋಡುತ್ತಿದ್ದರು. ಗೋಡೆಯಾಚೆ ಅಯ್ಯವಾರು ತಮ್ಮ ಎರಡು ಪಂಚೆ, ಒಂದು ತಂಬಿಗೆ ಗಂಟು ಕಟ್ಟಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದರು. ಗಾಡಿ ಅವರ ಕಣ್ಣಿಗೂ ಬಿದ್ದಿತು. ಸೀರೆ ಹೇರಿಕೊಂಡು ಬಳ್ಳಾರಿಗೆ ಹೊರಟಿರಬೇಕು ಎಂದುಕೊಂಡರಂತೆ. ಮಧ್ಯಾಹ್ನವಾಯಿತು. ಹೊತ್ತು ಇಳಿಯಿತು. ಮಾವ ಎದ್ದು ಎತ್ತು ಬಿಚ್ಚಿಸಿದರು. ಅವರ ಕಣ್ಣಲ್ಲಿ ನೀರಿತ್ತು, ಸಂತೋಷಕ್ಕೋ ಸಂಕಟಕ್ಕೋ ಅವರಿಗೇ ಗೊತ್ತು. "ನೋಡಿದ್ಯಾ, ನಮ್ಮನ್ನ ಬಿಟ್ಟು ಹೋಗೋಕೆ ಮನಸು ಬರ್ಲಿಲ್ಲ ಅವ್ರಿಗೆ" ಎಂದು ಅತ್ತೆಗೆ ಹೇಳಿದರು. ಸೋಮವಾರದ ಬೆಳಗಿನ ಜಾವ ನಾನು ರಾಟೆ ಮುಂದೆ ಕೂತಾಗ ಬೆನ್ನ ಹಿಂದೆ ಎಂದಿನ ಹಾಗೆ ಕೇಳಿತು, "ಇಲ್ಲು ಅಂದ್ರೆ ಮನೆ." ನನ್ನ ಕೈಯ ನೂಲು ಹರಿದುಹೋಯಿತು.

ಒಳ್ಳೆಯವರು ಎಂದರೆ ನನಗೆ ಇವತ್ತಿಗೂ ಸ್ವಲ್ಪ ಸಿಟ್ಟು. ಕೆಟ್ಟವರಾಗಿದ್ದರೆ ಬೈದಾದರೂ ಕಳಿಸುತ್ತಿದ್ದರು, ಬೈದಾದರೂ ಹೋಗುತ್ತಿದ್ದರು. ಜಾಗ ಬೇರೆಯವರಿಗೆ ಹೋಯಿತು. ದಫೇದಾರ ಇನ್ನು ಭಾವನ ಮುಖ ನೋಡುವುದಿಲ್ಲವೆಂದು ಆಣೆ ಹಾಕಿದ.

ಬೇಸಿಗೆಯಲ್ಲಿ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಹೋದೆ. ಬಾಣಂತಿಯ ನೀರೊಲೆ ಹಾಕಲು ಅಕ್ಕನೇ ಬಂದಳು. ಅವಳ ಮುಖ ನೋಡಲು ನನಗೇ ಸಂಕೋಚ. ಅವಳು ಮಾತ್ರ ಮಣ್ಣು ತುಳಿಯುತ್ತಾ ನಗುತ್ತಿದ್ದಳು. "ಅಷ್ಟು ಮಕ್ಕಳನ್ನ ನಡು ನೀರಾಗೆ ಬಿಟ್ಟು ಬಂದಿದ್ರೆ ನಾನೇ ಅವರನ್ನ ಒಲೆ ಮ್ಯಾಲೆ ಕೂರಿಸ್ತಿದ್ದೆ ಬಿಡೇ." ಆಮೇಲೆ ಒಲೆಯ ಬಾಯಿ ನುಣುಪು ಮಾಡತೊಡಗಿದಳು. ಸವರಿದ ಕಡೆಯೇ ಸವರುತ್ತಿದ್ದಳು. ಕಣ್ಣೀರು ಮಣ್ಣಿಗೆ ಬೀಳುತ್ತಿತ್ತು. "ನಿಮ್ಮೂರೋರೇ ಅವರನ್ನ ಖಾಯಂ ಮಾಡ್ಕೊಳ್ಳೋಕೆ ಆಗಲ್ವಾ? ನಿಮ್ಮ ಮಾವನ್ನ ಕೇಳ್ತೀಯಾ?" ಎಂದಳು.

ಕೇಳಿದೆ. ಮಗುವನ್ನು ಎತ್ತಿಕೊಂಡು ಮೊಳಕಾಲ್ಮೂರಿಗೆ ಬಂದ ದಿನ, ಮೊಮ್ಮಗನನ್ನು ಮಾವನವರ ತೊಡೆಗೆ ಹಾಕಿ, ಮೊದಲನೆಯ ಸಲ ಅವರಿಗೆ ಎದುರಾಗಿ ನಿಂತು ಕೇಳಿದೆ. ಗಂಡುಮಗು ಹೆತ್ತ ಸೊಸೆಯ ಮಾತಿಗೆ ತೂಕ ಬಂದಿತ್ತೆಂದು ಕಾಣುತ್ತದೆ. ಮಾವ ತಲೆ ಚಚ್ಚಿಕೊಂಡರು. "ನಮಗ್ಯಾಕೆ ಹೊಳೀಲಿಲ್ಲ ಇದು?" ಎಂದರು. ಶ್ರಾವಣದಲ್ಲಿ ಬೀದಿಯವರೆಲ್ಲ ಸೇರಿ ಮಠದ ಪಕ್ಕಕ್ಕೆ ಒಂದು ಕೋಣೆ ಎಬ್ಬಿಸಿದರು. ಬರುವ ದಸರಾಕ್ಕೆ ವರ್ಷದ ಮಾತಿಲ್ಲದ ಎಲೆ ಕೊಡುವುದೆಂದು ಗೊತ್ತಾಯಿತು. ಅಯ್ಯವಾರಿಗೆ ಮುಂಚೆ ಹೇಳಬಾರದು, ತಟ್ಟೆಯ ಮುಂದೆಯೇ ಹೇಳಬೇಕು ಎಂದು ಮಾವನವರ ಆಸೆ. ಕೋಣೆ ಯಾರಿಗೆಂದು ಅಯ್ಯವಾರು ಕೇಳಿದರೆ, ನೂಲು ಇಡುವುದಕ್ಕೆ ಎನ್ನುತ್ತಿದ್ದರು. ಅಕ್ಕನಿಗೆ ಮಾತ್ರ ನಾನು ಹೇಳಿಕಳಿಸಿದೆ. ಅವಳು ಗೂಡಿನಲ್ಲಿದ್ದ ಮಣ್ಣಿನ ಉಂಡೆ ಮುಟ್ಟಿ ನೋಡಿದಳಂತೆ.

ಭಾದ್ರಪದದಲ್ಲಿ ಚಳ್ಳಕೆರೆಯಲ್ಲಿ ಇಲಿ ಸತ್ತು ಬಿದ್ದವು. ಪ್ಲೇಗಿನ ಹೆಸರು ಕೇಳಿದರೆ ಸಾಕು ಎದೆ ಒಡೆಯುತ್ತಿದ್ದ ಕಾಲ ಅದು. ಜನ ಮನೆಗಳಿಗೆ ಬೀಗ ಹಾಕಿ ಊರಾಚೆಯ ಹೊಲಗಳಲ್ಲಿ ಸೋಗೆಯ ಜೋಪಡಿ ಹಾಕಿಕೊಂಡರೆಂದು ಸುದ್ದಿ ಬಂತು. ಅಯ್ಯವಾರು ಪಾಠ ನಿಲ್ಲಿಸಿ ನೆಟ್ಟಗೆ ನಮ್ಮ ಮನೆಗೆ ಬಂದರು. "ಯಜಮಾನ್ರೇ, ಗಾಡಿ ಬೇಕು" ಎಂದರು. "ತಗೊಂಡು ಹೋಗ್ರಿ" ಎಂದರು ಮಾವ. ಎಲೆಯ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಅಷ್ಟು ಸುಲಭವಿತ್ತು ಅದು. ನಾನು ಬಾಗಿಲ ಮರೆಯಲ್ಲಿ ನಿಂತು ಬಾಯಿಗೆ ಸೆರಗು ತುರುಕಿಕೊಂಡೆ.

ಮಹಾನವಮಿ ಬಂತು. ಹುಡುಗರು ಬಿಲ್ಲು ಹಿಡಿದು ಮಠದ ಮುಂದೆ ಕಾದರು. ಅವರನ್ನು ಚಳ್ಳಕೆರೆಯಲ್ಲಿ ಇಳಿಸಿ ಗಾಡಿ ಎಂದೋ ಮರಳಿತ್ತು, ಅಯ್ಯವಾರು ಮಾತ್ರ ಬರಲಿಲ್ಲ. ಆ ವರ್ಷ ನಮ್ಮ ಬೀದಿಯಲ್ಲಿ ಚೌಪದ ಕೇಳಲಿಲ್ಲ. ದಶಮಿಯ ಬೆಳಗ್ಗೆ ದನ ಕಾಯುವವರು ಸುದ್ದಿ ತಂದರು: ಊರ ಹೊರಗೆ ಗುಡ್ಡದ ಬುಡದಲ್ಲಿ ಅಯ್ಯವಾರು ಒಬ್ಬರೇ ಕೂತಿದ್ದಾರೆ, ನಾನು ರೋಗದ ಊರಿಂದ ಬಂದವನು, ಯಾರೂ ಹತ್ತಿರ ಬರಬೇಡಿ ಎನ್ನುತ್ತಿದ್ದಾರೆ.

ಮಾವ ತಟ್ಟೆ ಎತ್ತಿಕೊಂಡು ಹೊರಟರು. ಹಿಂದೆ ಬೀದಿಗೆ ಬೀದಿಯೇ ಹೊರಟಿತು, ಹೆಂಗಸರೂ. ಬಂಡೆಗಳ ನಡುವೆ ಅಯ್ಯವಾರು ಎದ್ದು ನಿಂತು ಕೈ ಅಡ್ಡ ಮಾಡಿದರು. ಗಡ್ಡ ಬೆಳೆದಿತ್ತು. ಪಕ್ಕದಲ್ಲಿ ಮೂರು ಕಲ್ಲು ಹೂಡಿ ಬೆಂಕಿ ಮಾಡಿದ್ದರು. ಅಕ್ಕ ಏನಾದಳೆಂದು ಯಾರೂ ಕೇಳಬೇಕಾಗಿರಲಿಲ್ಲ. ಒಬ್ಬರೇ ಬಂದಿದ್ದರು, ಅಷ್ಟು ಸಾಕಾಗಿತ್ತು.

ಮಾವ ನಡುವಿನ ಬಂಡೆಯೊಂದರ ಮೇಲೆ ತಟ್ಟೆ ಇಟ್ಟು ಹಿಂದೆ ಸರಿದರು. ದೂರ ಇದ್ದದ್ದರಿಂದ ಕೂಗಿಯೇ ಹೇಳಬೇಕಾಯಿತು. ಜನ್ಮದಲ್ಲಿ ದನಿ ಎತ್ತಿ ಮನಸ್ಸಿನ ಮಾತು ಆಡದ ಮನುಷ್ಯ ಗುಡ್ಡಕ್ಕೆ ಕೇಳುವ ಹಾಗೆ ಕೂಗಿದರು. "ಅಯ್ಯವಾರೂ! ಇನ್ನ ವರ್ಷದ ಮಾತಿಲ್ಲ! ಬದುಕಿರೋತನಕ ಮಠ ನಿಮ್ಮದು! ಆ ಕೋಣೆ ಕಟ್ಟಿದ್ದು ನಿಮಗೇ! ಇದಿ ಮೀ ಇಲ್ಲು!" ಇದು ನಿಮ್ಮ ಮನೆ, ಎಂದರು.

ಅಯ್ಯವಾರು ನಿಧಾನವಾಗಿ ಬಂದು ತಟ್ಟೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. "ಬರೋ ದಸರಾವರೆಗೆ ಸಾಕು ಯಜಮಾನ್ರೇ" ಎಂದರು. ಅವರು ಕೂಗಲಿಲ್ಲ, ಆದರೂ ನಮಗೆಲ್ಲ ಕೇಳಿಸಿತು.

ಗುಡ್ಡದ ಕೆಳಗೆ ದಿನ ಕಳೆದು, ಮೈಗೆ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಊರೊಳಗೆ ಬಂದರು. ಬರುವಾಗ ಆ ಮೂರು ಕಲ್ಲುಗಳನ್ನು ಗೋಣಿಚೀಲದಲ್ಲಿ ಹೊತ್ತು ತಂದರು. ಮಠದ ಮೂಲೆಯಲ್ಲಿದ್ದ ಹಳೆಯ ಕಲ್ಲುಗಳನ್ನು ಎಸೆದು ಇವನ್ನು ಹೂಡಿದರು. ಕೋಣೆಗೆ ಕಾಲಿಡಲಿಲ್ಲ. ಅಕ್ಕನನ್ನು ನೋಡಿ ಕಲಿತ ಕೈಯಲ್ಲಿ ನಾನೇ ಅಲ್ಲೊಂದು ಮಣ್ಣಿನ ಒಲೆ ಹಾಕಿದೆ. ಹೊಟ್ಟು ಕೈ ತುಂಬ ಹಾಕಿದ್ದೆ, ಬಿರುಕು ಬಿಡಲಿಲ್ಲ. ಅಯ್ಯವಾರು ಬಾಗಿಲಲ್ಲೇ ನಿಂತು ನೋಡಿ, "ಚಂದಾಗೈತೆ ತಂಗೀ" ಎಂದರು. ಅದರಲ್ಲಿ ಎಂದೂ ಬೆಂಕಿ ಹಚ್ಚಲಿಲ್ಲ. ಆ ಕೋಣೆಯಲ್ಲಿ ಕೊನೆಗೆ ನಿಜವಾಗಿಯೂ ನೂಲನ್ನೇ ಇಟ್ಟೆವು.

ಆಮೇಲೆ ಎಷ್ಟೋ ದಸರಾಗಳು ಬಂದವು. ಪ್ರತಿ ಸಲವೂ ಮಾವ, ಮಾವನವರು ಕಾಲವಾದ ಮೇಲೆ ನಮ್ಮವರು, ಸಾಯೋತನಕ ಎನ್ನುವರು. ಪ್ರತಿ ಸಲವೂ ಅಯ್ಯವಾರು ಬರೋ ದಸರಾವರೆಗೆ ಎನ್ನುವರು. ನನ್ನ ಮಗ ಅವರ ಬಳಿ ಅಕ್ಷರ ಕಲಿತ. ಅವನ ಮರಳಿನ ಹಲಗೆಯನ್ನು ಕದ್ದು ನಾನೂ ಕಿವಿಯ ಅಕ್ಷರಗಳನ್ನು ಕಣ್ಣಿಗೆ ತಂದುಕೊಂಡೆ. ಅವರು ಹುಡುಗರನ್ನು ನಗಿಸುವುದು ನಿಂತಿರಲಿಲ್ಲ, ಪಂಚೆಯನ್ನು ಕೋದಂಡಕ್ಕೆ ಹಾಕುವುದೂ. ಆದರೆ "ತಂಗೀ" ಎಂದು ಗೋಡೆಯಾಚೆಯಿಂದ ಕರೆದವರು ಮುಂದಿನ ಮಾತಿಲ್ಲದೆ ಸುಮ್ಮನಾಗುತ್ತಿದ್ದರು. ಕೇಳುವುದಕ್ಕೆ ಏನು ಉಳಿದಿತ್ತು? ಆ ಮೂರು ಕಲ್ಲುಗಳನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಜ್ವರವಿದ್ದರೂ ತಾವೇ ಬೂದಿ ತೆಗೆದು, ತಾವೇ ಬೆಂಕಿ ಹಚ್ಚಬೇಕು.

ಕೊನೆಗೆ ಹಾಸಿಗೆ ಹಿಡಿದಾಗ ನಾನು ದಿನವೂ ಗಂಜಿ ಕೊಂಡೊಯ್ಯುತ್ತಿದ್ದೆ. ಒಂದು ಮಧ್ಯಾಹ್ನ ಎದ್ದು ಗೋಡೆಗೆ ಒರಗಿ ಕೂತಿದ್ದರು. ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ. "ಅಯ್ಯವಾರೇ, ಸಾಯೋತನಕ ಅಂದ್ರೂ ಯಾಕೆ ಒಪ್ಪಲಿಲ್ಲ ನೀವು?"

"ಖಾಯಂ ಬೇಕಾಗಿದ್ದು ಆಕಿಗೆ ತಂಗೀ. ನನಗ್ಯಾಕೆ?" ಎಂದರು.

ಆಮೇಲೆ ಅವರೇ ಹೇಳಿದರು. ಅವರು ಹೋದಾಗ ಅಕ್ಕ ಚೆನ್ನಾಗಿದ್ದಳಂತೆ. ಊರಿಗೆ ಊರೇ ಜೋಪಡಿಯಲ್ಲಿರುವಾಗ ಅಣ್ಣನಿಗೂ ಆಕ್ಷೇಪಣೆ ಮಾಡಲು ಏನೂ ಇರಲಿಲ್ಲ. ಅವಳೇ ತಮಗಿಬ್ಬರಿಗೆಂದು ಬೇರೆ ಜೋಪಡಿ ಕಟ್ಟಿಸಿ, ಹೊಲದ ಬದುವಿನಿಂದ ಮೂರು ಕಲ್ಲು ಆರಿಸಿ ತಂದು ಹೂಡಿ, "ಇಗಾ, ನಮ್ಮ ಸಂಸಾರ ಶುರುವಾತು" ಎಂದು ಬೀದಿ ಕೊನೆಗೆ ಕೇಳುವ ಹಾಗೆ ನಕ್ಕಳಂತೆ. ಮುದ್ದೆ ತಿರುವಿ ಬಡಿಸಿದಳಂತೆ. "ಊಟ ಮಾಡುವಾಗ ಯಾಕೆ ಬೆರಳು ಒರೆಸ್ತೀರಿ?" ಎಂದು ಬೈದಳಂತೆ. ಮೊಳಕಾಲ್ಮೂರಿನ ಕೋಣೆಯ ಗುಟ್ಟನ್ನೂ ಹೇಳಿಬಿಟ್ಟಳಂತೆ. ದಸರಾ ಹತ್ತಿರ ಬರುವವರೆಗೆ ಅವರು ಹಾಗೆ ಬಾಳಿದರು. ಆಮೇಲೆ ಅವಳಿಗೆ ಜ್ವರ ಬಂತು, ಕಂಕುಳಲ್ಲಿ ಗಡ್ಡೆ ಎದ್ದಿತು.

"ಕಾಯಿಲೆ ಎಲ್ಲಿದ್ರೂ ಬರೋದು, ಅದಕ್ಕೆ ಯಾರನ್ನೂ ಅನ್ನಲ್ಲ ನಾನು" ಎಂದರು ಅಯ್ಯವಾರು. "ದೀಪಾವಳಿಯಿಂದ ಒಂದು ವರ್ಷ ಇತ್ತಲ್ಲ ತಂಗೀ, ಅದು ಹೋತು. ಅವತ್ತು ಗಂಟು ಕಟ್ಕೊಂಡು ಈ ಜಗಲಿ ಮ್ಯಾಲೆ ಕೂತು, ಯಾರಾದ್ರೂ ಒಬ್ರು ಹೋಗು ಅನ್ಲಿ ಅಂತ ಕಾದೆ. ಯಾರೂ ಅನ್ಲಿಲ್ಲ. ಕಡೀಗೆ ಅಂದೋಳು ಆಕಿ ಒಬ್ಬಳೇ. ಜ್ವರದಾಗೆ ಮಲಗಿದ್ಲು. ಮಾನೌಮಿ ಬಂತು, ಮಕ್ಕಳು ಕಾಯ್ತಿರ್ತಾವೆ, ಎಲೆ ತಗೊಂಡಿದ್ದೀರಿ, ಹೋಗ್ರಿ ಅಂದ್ಲು. ಕೈ ಹಿಡ್ಕೊಂಡೇ ಹೋಗ್ರಿ ಹೋಗ್ರಿ ಅಂತಿದ್ಲು." ಬೆರಳನ್ನು ವಸ್ತ್ರಕ್ಕೆ ಒರೆಸಿಕೊಂಡರು. "ನಾನು ಹೋಗ್ಲಿಲ್ಲ ತಂಗೀ. ಅದೊಂದು ಸಲ ಹೋಗ್ಲಿಲ್ಲ."

ಗಂಜಿ ಆರಿಹೋಗಿತ್ತು. ಮನೆಗೆ ಹೋಗಿ ಬಿಸಿ ಮಾಡಿಕೊಂಡು ಬರುತ್ತೇನೆಂದು ಕಣ್ಣು ಒರೆಸಿಕೊಂಡು ಎದ್ದೆ.

"ಅಲ್ಲಿಗಂಟ ಯಾಕೆ ಹೋಗ್ತೀಯಾ? ಇಲ್ಲೇ ಮಾಡು" ಎಂದು ಅವರು ಮೂಲೆಯಲ್ಲಿದ್ದ, ಅಕ್ಕ ಆರಿಸಿ ತಂದಿದ್ದ ಆ ಮೂರು ಕಲ್ಲಿನ ಕಡೆ ಕೈ ತೋರಿಸಿದರು. ನಾನು ಕೂತು, ಬೂದಿ ತೆಗೆದು, ಬೆಂಕಿ ಹಚ್ಚಿದೆ.